ಆಷಾಢದ ಕೋಟು

ಆಷಾಢ ಬಂತೆಂದರೆ ನಮ್ಮ ಕಡೆ ಮದುವೆ ಮುಂಜಿಗಳು ನಿಲ್ಲುತ್ತವೆ, ಹೊಸ ಸೊಸೆಯರು ತವರಿಗೆ ಹೊರಡುತ್ತಾರೆ, ಬಟ್ಟೆ ಅಂಗಡಿಯವರು ನೊಣ ಹೊಡೆಯುತ್ತ ಕೂರುತ್ತಾರೆ. ನನಗೆ ಮಾತ್ರ ಅದೇ ಸುಗ್ಗಿ. ಚಿತ್ರದುರ್ಗದ ಮುಖ್ಯರಸ್ತೆಯ ಅಂಗಡಿಗಳು ಗಾಜಿನ ಮೇಲೆ ಕೆಂಪಕ್ಷರದಲ್ಲಿ 'ಆಷಾಢ ಸೇಲ್' ಎಂದು ಅಂಟಿಸಿದ ದಿನ ನಾನು ಮನೆಯಲ್ಲಿ ನಿಲ್ಲುವುದಿಲ್ಲ. ಒಳ್ಳೆಯ ಬಟ್ಟೆಯ ಶೋಕಿ ಎಂದುಕೊಂಡರೆ ತಪ್ಪು. ನಾನು ದುಬಾರಿ ಕೋಟುಗಳನ್ನು ಕೊಳ್ಳಲು ಕಲಿತದ್ದು ಒಬ್ಬ ಮನುಷ್ಯನ ಮುಖ ಕಪ್ಪಿಡುವುದನ್ನು ನೋಡಬೇಕೆಂಬ ಒಂದೇ ಕಾರಣಕ್ಕೆ.

ಆ ಮನುಷ್ಯ ನನ್ನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಹೊಸದುರ್ಗದಲ್ಲಿ ರಸ್ತೆ, ಮೋರಿ ಕಟ್ಟಿಸುವ ಗುತ್ತಿಗೆದಾರ. ನಾನು ತುರುವನೂರಿನ ಕುರಿ ಸಾಕುವವರ ಮನೆಯವನು, ಭರಮಸಾಗರದಲ್ಲಿ ಹೈಸ್ಕೂಲ್ ಮೇಷ್ಟ್ರು. ಮಾವನ ಮನೆ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಲ್ಲಿ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಗಂಡಿಗೆ ಸೂಟಿನ ಬಟ್ಟೆ ಕೊಡಬೇಕಾದ್ದು ಆಗಿನ ಪದ್ಧತಿ. ದೊಡ್ಡ ಅಳಿಯನಿಗೆ ದಾವಣಗೆರೆಯಿಂದ ತರಿಸಿದ ಕಪ್ಪು ಉಣ್ಣೆಯ ಬಟ್ಟೆ ಸಿಕ್ಕಿತ್ತು. ನನಗೆ ಸಿಕ್ಕಿದ್ದು ಬಿಸ್ಕತ್ತು ಬಣ್ಣದ ಟೆರಿಕಾಟ್. ನಿಜ ಹೇಳಬೇಕೆಂದರೆ ನನಗೆ ಅದರಲ್ಲಿ ಕೊರತೆಯೇನೂ ಕಂಡಿರಲಿಲ್ಲ. ಹೊಲಿಸಿಕೊಂಡೆ, ತೊಟ್ಟುಕೊಂಡೆ, ಕನ್ನಡಿಯ ಮುಂದೆ ನಿಂತು ಖುಷಿಪಟ್ಟೆ.

ಮಾರನೆಯ ವರ್ಷ ಷಡ್ಡಕನ ಮಗುವಿನ ನಾಮಕರಣ ತಾಳ್ಯದಲ್ಲೇ ನಡೆಯಿತು. ನಡುಮನೆಯ ತುಂಬ ನೆಂಟರು. ನಾನು ಆ ಬಿಸ್ಕತ್ತು ಬಣ್ಣದ ಕೋಟು ಹಾಕಿಕೊಂಡು ಕೂತಿದ್ದೆ. ಷಡ್ಡಕ ಬಂದವನೇ ನನ್ನ ತೋಳಿನ ಬಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದು ಎತ್ತಿದ. ಕೊರಳಪಟ್ಟಿಯನ್ನು ಹೊರಳಿಸಿ ಒಳಗೆ ಕಂಪನಿಯ ಚೀಟಿ ಹುಡುಕಿದ.

"ಏನ್ ಮೇಷ್ಟ್ರೇ, ನಮ್ಮನೆ ಕಿಟಕಿಗೂ ಇದೇ ಬಟ್ಟೆ ಹಾಕ್ಸೀನಿ. ಗಾಳಿ ಚೆನ್ನಾಗ್ ಬರುತ್ತೆ ಬಿಡ್ರಿ!"

ಇಡೀ ನಡುಮನೆ ನಕ್ಕಿತು. ನನ್ನ ಮಾವ, ಆ ಬಟ್ಟೆ ಕೊಟ್ಟವರೇ, ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಫಿ ತಟ್ಟೆ ಹಿಡಿದು ಬಂದಿದ್ದ ನನ್ನ ಹೆಂಡತಿ ಯಾರಿಗೂ ಕೊಡದೆ ತಟ್ಟೆಯ ಸಮೇತ ಒಳಗೆ ಹೋದಳು. ಆಮೇಲೆ ಊಟದ ಹೊತ್ತಿಗೂ ಹೊರಗೆ ಬರಲಿಲ್ಲ. ನನಗಾದ ಅವಮಾನವನ್ನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಅವಳ ಆ ಮುಖವನ್ನು ನುಂಗಿಕೊಳ್ಳಲು ಆಗಲಿಲ್ಲ. ಇದೇ ನೆಂಟರ ಎದುರಿಗೆ, ಇದೇ ಮಾವನ ಕಣ್ಣೆದುರಿಗೆ ಇವನ ಕೊರಳಪಟ್ಟಿ ಬಗ್ಗಿಸದಿದ್ದರೆ ನಾನು ಅವಳ ಗಂಡನೇ ಅಲ್ಲ ಎಂದು ಬಸ್ಸಿನಲ್ಲಿ ಬರುವಾಗ ನಿಶ್ಚಯಿಸಿದೆ. ಮನೆಗೆ ಬಂದು ಆ ಕೋಟನ್ನು ಹೊಲಿಗೆ ಬಿಚ್ಚಿ ಹರವಿ ಇಸ್ತ್ರಿ ಮೇಜಿಗೆ ಹಾಸಿದೆ. ಅವಳು ನೋಡಿದಳು. ನೆಲದ ಮೇಲೆ ಬಿದ್ದಿದ್ದ ದಾರದ ಚೂರುಗಳನ್ನು ಗುಡಿಸಿ ಹಾಕಿದಳು.

ಮೇಷ್ಟ್ರ ಸಂಬಳದಲ್ಲಿ ಗುತ್ತಿಗೆದಾರನಿಗೆ ಸಮನಾದ ಕೋಟು ಕೊಳ್ಳುವುದು ಹೇಗೆ? ಸೇಲಿನಲ್ಲಿ. ಆದರೆ ಸೇಲು ಎಂದು ಬರೆದದ್ದೆಲ್ಲ ಸೇಲಲ್ಲ. ಇದನ್ನು ಕಲಿಯಲು ನನಗೆ ಹಲವು ಆಷಾಢಗಳೇ ಹಿಡಿದವು. ದೀಪಾವಳಿಯ ರಿಯಾಯಿತಿ ಬರೀ ಬೂಟಾಟಿಕೆ, ಜನ ಹೇಗೂ ಕೊಳ್ಳುವ ಕಾಲದಲ್ಲಿ ಯಾವನೂ ಬೆಲೆ ಇಳಿಸುವುದಿಲ್ಲ. ಒಂದು ಕೊಂಡರೆ ಇನ್ನೊಂದು ಪುಕ್ಕಟೆ ಎನ್ನುವ ಶರ್ಟುಗಳು ಮೊದಲ ಒಗೆತಕ್ಕೇ ತಮ್ಮ ಬಂಡವಾಳ ತೋರಿಸುತ್ತವೆ. ಸೇಲಿಗೆಂದೇ ಮೂಟೆ ಕಟ್ಟಿ ತರಿಸಿದ ಮಾಲು ಬೇರೆ, ವರ್ಷವಿಡೀ ಗಾಜಿನ ಹಿಂದೆ ಮೆರೆದು ಆಷಾಢಕ್ಕೆ ಕೆಳಗಿಳಿದ ಮಾಲು ಬೇರೆ. ಆದ್ದರಿಂದ ಬೇಟೆ ಜ್ಯೇಷ್ಠದಲ್ಲೇ ಶುರುವಾಗಬೇಕು. ನಾನು ಏನನ್ನೂ ಕೊಳ್ಳದೆ ಸುಮ್ಮನೆ ಅಂಗಡಿ ಹೊಕ್ಕು, ಕಣ್ಣಿಟ್ಟ ಕೋಟಿನ ಆಗಿನ ಬೆಲೆ ನೋಡಿಕೊಂಡು ಬರುತ್ತಿದ್ದೆ. ಬೆಲೆಚೀಟಿಯ ಮೇಲೆ ಇನ್ನೊಂದು ಚೀಟಿ ಅಂಟಿಸಿ, ಏರಿಸಿ ಇಳಿಸುವ ಆಟ ನನ್ನ ಹತ್ತಿರ ನಡೆಯುತ್ತಿರಲಿಲ್ಲ.

ಆಮೇಲೆ ತಾಳ್ಮೆ. ಸೇಲಿನ ಮೊದಲ ವಾರ ನೂಕುನುಗ್ಗಲು, ಆಗ ಇಳಿಸುವುದೂ ಕಡಿಮೆ. ಕೊನೆಯ ವಾರ ಅಂಗಡಿಯವನಿಗೆ ಶ್ರಾವಣದ ಮಾಲಿಗೆ ಜಾಗ ಬೇಕು, ಆಗ ಅವನ ಕೈ ಸಡಿಲ. ಅಷ್ಟರಲ್ಲಿ ನಡು ಅಳತೆಯವೆಲ್ಲ ಹೋಗಿ ತೀರಾ ದೊಡ್ಡವು, ಸಣ್ಣವು ಉಳಿದಿರುತ್ತವೆ. ತೋಳು ಉದ್ದವಿದ್ದರೆ ಹೆದರಬೇಕಿಲ್ಲ, ಸೊಂಟ ಸಡಿಲವಿದ್ದರೂ ದರ್ಜಿ ಹಿಡಿದುಕೊಡುತ್ತಾನೆ. ಭುಜ ಮಾತ್ರ ಕೂರಲೇಬೇಕು. ಭುಜ ಕೂರದ ಕೋಟನ್ನು ಕಾಲು ಬೆಲೆಗೆ ಕೊಟ್ಟರೂ ಅದು ದಂಡ. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಸುಕಿ ಬಿಡಬೇಕು, ಒಳ್ಳೆಯ ಉಣ್ಣೆಯಾದರೆ ಸುಕ್ಕು ತಾನಾಗಿ ಬಿಡುತ್ತದೆ. ಬಣ್ಣವನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಬಾರದು, ಬಾಗಿಲಿಗೆ ತಂದು ಬಿಸಿಲಿನಲ್ಲಿ ನೋಡಬೇಕು. ಅಂಗಡಿಯ ಸೇಲ್ಸ್‌ಮನ್‌ ನನ್ನನ್ನು ಕಂಡರೆ "ಓ, ಬಂದ್ರಾ ಮೇಷ್ಟ್ರೇ? ಹಂಗಾರೆ ಸೇಲು ಮುಗೀತಾ ಬಂತು ಅನ್ರಿ" ಎಂದು ಚೇಷ್ಟೆ ಮಾಡುತ್ತಿದ್ದ. ಹೀಗೆ ಒಂದೊಂದೇ ಕೋಟು, ಪ್ಯಾಂಟು, ರೇಷ್ಮೆ ಟೈ ನನ್ನ ಬೀರುವಿಗೆ ಬಂದವು. ಪ್ರತಿಯೊಂದನ್ನೂ ಆ ಬಿಸ್ಕತ್ತು ಬಟ್ಟೆಯ ಮೇಲೆ ಹಾಸಿ, ಹಲ್ಲು ಕಚ್ಚಿಕೊಂಡು ಇಸ್ತ್ರಿ ತಿಕ್ಕಿದೆ.

ಆದರೂ ತಕ್ಕ ಗಳಿಗೆ ಬರಲಿಲ್ಲ. ಷಡ್ಡಕ ಪ್ರತಿ ಮದುವೆಗೂ ನನಗಿಂತ ಒಂದು ಮೆಟ್ಟಿಲು ಮೇಲಿನದನ್ನೇ ಹಾಕಿಕೊಂಡು ಬರುತ್ತಿದ್ದ. ಕೊನೆಗೆ ನನ್ನ ಹೆಂಡತಿಯ ತಮ್ಮನಿಗೆ ಹೆಣ್ಣು ಗೊತ್ತಾಯಿತು. ನಾನು ಮದುವೆಯಾದಾಗ ಚಡ್ಡಿ ಹಾಕುತ್ತಿದ್ದ ಹುಡುಗ ಅವನು. ಹೆಣ್ಣಿನವರು ಹಿರಿಯೂರಿನವರು, ಮದುವೆ ಅಲ್ಲಿಯ ಕಲ್ಯಾಣ ಮಂಟಪದಲ್ಲಿ, ಶ್ರಾವಣಕ್ಕೆ. ನಮ್ಮತ್ತೆ ಮುಂಚೆಯೇ ಎಲ್ಲರನ್ನೂ ಕೂರಿಸಿಕೊಂಡು ಕಟ್ಟಪ್ಪಣೆ ಮಾಡಿದರು.

"ಆಷಾಢದಾಗೆ ಯಾರೂ ಒಂದು ದಾರಾನೂ ತರಬ್ಯಾಡ್ರಿ. ಆಷಾಢದ ಬಟ್ಟೆ ಹಸೆಮಣಿ ಹತ್ರ ಸುಳೀಬಾರ್ದು, ಹೇಳೀನಿ."

"ಛೇ, ಸೇಲಿನ ಬಟ್ಟೆ ಯಾವನು ತರ್ತಾನೆ ಬಿಡ್ರಿ ಅತ್ತೆ," ಎಂದ ಷಡ್ಡಕ, ನನ್ನ ಕಡೆ ನೋಡಿ.

ಜ್ಯೇಷ್ಠದಿಂದಲೇ ನಾನು ಒಂದು ಕೋಟಿಗೆ ಕಣ್ಣಿಟ್ಟಿದ್ದೆ. ಗಾಢ ನೀಲಿ, ಅಪ್ಪಟ ಉಣ್ಣೆ, ಗಾಜಿನ ಹಿಂದಿನ ಬೊಂಬೆಗೆ ತೊಡಿಸಿದ್ದರು. ಅತ್ತೆಯ ಮಾತು ಕಿವಿಯಲ್ಲಿರುವಾಗಲೇ ಸೇಲಿನ ಕೊನೆಯ ವಾರ ಅರ್ಧ ಬೆಲೆಗೆ ಅದನ್ನು ಬೊಂಬೆಯಿಂದ ಬಿಚ್ಚಿಸಿದೆ. ಭುಜ ಅಚ್ಚುಕಟ್ಟಾಗಿ ಕೂತಿತು. ಶ್ರಾವಣ ಹುಟ್ಟಿದ ಮೇಲೆ ತೋಳು ಚಿಕ್ಕದು ಮಾಡಿಸಿದ್ದನ್ನು ತರಲು ಹೋದಾಗ ಸೇಲ್ಸ್‌ಮನ್‌ ಕಣ್ಣು ಹೊಡೆದ. "ಅದೇ ಕೋಟು ಹೊಸದಾಗಿ ಬಂತು ಮೇಷ್ಟ್ರೇ. ನಿನ್ನೆ ಹೊಸದುರ್ಗದ ಕಂಟ್ರಾಕ್ಟ್ರು ಒಬ್ಬರು ಇರೋದ್ರಾಗೆ ಚೆನ್ನಾಗಿರೋದು ಕೊಡಪ್ಪ ಅಂತ ಪೂರ್ತಿ ರೇಟಿಗೆ ತಗಂಡೋದ್ರು." ಆ ದಿನ ಬಸ್ಸಿನಲ್ಲಿ ನಾನೊಬ್ಬನೇ ನಗುತ್ತ ಭರಮಸಾಗರಕ್ಕೆ ಬಂದೆ.

ಹಿರಿಯೂರಿನಲ್ಲಿ ಶ್ರಾವಣದ ಮಳೆ ಇರುವುದು ಪಂಚಾಂಗದಲ್ಲಿ ಮಾತ್ರ. ಬೆಳಿಗ್ಗೆಯೇ ಧಗೆ. ಷಡ್ಡಕ ನೀಲಿ ಕೋಟಿನಲ್ಲಿ ಮಂಟಪದ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈ ಮುಗಿಯುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅದೇ ನೀಲಿ, ಅದೇ ಗುಂಡಿ. ಅವನ ನಗೆ ಅರ್ಧಕ್ಕೇ ನಿಂತಿತು. ಆದರೆ ಅವನೇನು ಸುಲಭಕ್ಕೆ ಸೋಲುವವನೇ? ಮಾವ, ಅತ್ತೆ, ಹೊಸ ಬೀಗರು ಎಲ್ಲ ಸುತ್ತ ಇರುವಾಗಲೇ ಅಂದಿನ ಹಾಗೆ ನನ್ನ ಕೊರಳಪಟ್ಟಿಗೆ ಕೈ ಹಾಕಿದ.

"ನೋಡಾಣ ತಡೀರಿ ಮೇಷ್ಟ್ರೇ. ಡೂಪ್ಲಿಕೇಟು ಎಲ್ಲಿ ಸಿಕ್ತು ನಿಮಗೆ?"

ಚೀಟಿ ಓದಿದ. ಕೊರಳಪಟ್ಟಿಯಿಂದ ಕೈ ತೆಗೆದ.

"ಜೋರಾಗಿ ಓದ್ರಿ ಅಣ್ಣ," ಎಂದೆ. "ನಿಮ್ಮದೇ ಅಂಗಡಿ, ನಿಮ್ಮದೇ ಕಂಪನಿ. ನೀವು ಕೊಟ್ಟಿದ್ರಾಗೆ ಅರ್ಧ ಕೊಟ್ಟೀನಿ ಅಷ್ಟೆ."

"ಅರ್ಧಕ್ಕೆ ಯಾವಾಗ ಕೊಟ್ಟ ಅವನು?"

ಪರಿಚಯದ ಮೇಲೆ ಕೊಟ್ಟ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಇಷ್ಟು ವರ್ಷ ಕಾದವನಿಗೆ ಪೂರ್ತಿ ರುಚಿ ಬೇಕಾಗಿತ್ತು. "ಆಷಾಢದಾಗೆ ಅಣ್ಣ. ನೀವು ಸ್ವಲ್ಪ ದಿನದ ಹಿಂದೆ ಹೋಗಿದ್ರೆ ನಿಮಗೂ ಸಿಕ್ತಿತ್ತು," ಎಂದೆ.

ಯಾರೋ ಕಿಸಕ್ಕೆಂದರು. ಅತ್ತೆ ಮಾತ್ರ ನಗಲಿಲ್ಲ. "ಆಷಾಢದ್ದಾ? ಹಸೆ ಹತ್ರ ಇದನ್ನ ತೊಟ್ಕಂಡು ಬಂದ್ರಾ? ತೆಗೀರಿ ಮೊದ್ಲು!" ಎಂದರು. ಷಡ್ಡಕನ ಮುಖ ಅರಳಿತು. ನಾನು ಕೋಟು ಬಿಚ್ಚಿ, ಚೀಟಿ ಎಲ್ಲರಿಗೂ ಕಾಣುವ ಹಾಗೆ ಕುರ್ಚಿಯ ಬೆನ್ನಿಗೆ ಹಾಕಿ, ಶರ್ಟಿನಲ್ಲೇ ಹೋಗಿ ಧಾರೆ ಎರೆದು ಬಂದೆ.

ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಹೋಮದ ಹೊಗೆ, ಜನರ ಉಸಿರು, ಮೇಲೆ ತಗಡಿನ ಸೂರು. ನಾನು ತೋಳು ಮಡಿಚಿಕೊಂಡು ಕಿಟಕಿಯ ಬಳಿ ಹಾಯಾಗಿ ಕೂತೆ. ಷಡ್ಡಕನಿಗೆ ಬೆವರು ಕಿವಿಯ ಹಿಂದಿನಿಂದ ಇಳಿಯತೊಡಗಿತು. ಕೈ ಗುಂಡಿಗೆ ಹೋಗುತ್ತಿತ್ತು, ಅತ್ತೆಯನ್ನು ನೋಡಿ ಹಿಂದೆ ಬರುತ್ತಿತ್ತು. ಇಡೀ ಮಂಟಪಕ್ಕೆ ಈಗ ಒಂದು ವಿಷಯ ಗೊತ್ತಿತ್ತು, ಆ ನೀಲಿ ಕೋಟು ಬಿಚ್ಚಿದವನದು ಆಷಾಢದ ಕೋಟು. ಅವನು ಬಿಚ್ಚಿದರೆ ಅವನದೂ ಸೇಲಿನದೇ ಎಂದಾಗುತ್ತಿತ್ತು. ಪೂರ್ತಿ ಬೆಲೆ ಕೊಟ್ಟವನು ಅದನ್ನು ಪೂರ್ತಿ ತೊಟ್ಟುಕೊಂಡೇ ಇರಬೇಕಾಯಿತು. ಊಟಕ್ಕೆ ಬೇಕೆಂತಲೇ ಅವನ ಎದುರಿನ ಸಾಲಿನಲ್ಲಿ ಕೂತೆ. ಅವನ ಹಣೆಯ ಬೆವರು ಎಲೆಗೆ ತೊಟ್ಟಿಕ್ಕುವುದನ್ನು ನೋಡುತ್ತ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಅಷ್ಟು ರುಚಿಯಾದ ಹೋಳಿಗೆಯನ್ನು ಮತ್ತೆ ತಿಂದಿಲ್ಲ.

ಕೈ ತೊಳೆದು ಬಂದಾಗ ಮಾವ ನನ್ನ ಕುರ್ಚಿಯ ಪಕ್ಕದಲ್ಲಿ ಕೂತು ಕೋಟಿನ ಬಟ್ಟೆ ಸವರುತ್ತಿದ್ದರು. "ನನಗೂ ಒಂದು ಸೂಟಿನ ಬಟ್ಟೆ ನೋಡ್ರಿ ಮೇಷ್ಟ್ರೇ. ನಿಮಗೆ ಚೆನ್ನಾಗ್ ಗೊತ್ತಾಗುತ್ತೆ," ಎಂದರು.

ಒಬ್ಬನ ಲೆಕ್ಕ ತೀರಿತ್ತು, ಇನ್ನೊಬ್ಬರದು ತಾನಾಗಿ ಕಾಲಿಗೆ ಬಂದು ಬಿದ್ದಿತ್ತು. ನಾನು ಆಷಾಢದವರೆಗೆ ಕಾಯಲಿಲ್ಲ. ಅಂಗಡಿ ಅಂಗಡಿ ಸುತ್ತಿ, ಈಗ ಯಾರೂ ಕೇಳದ ಆ ಬಿಸ್ಕತ್ತು ಬಣ್ಣದ ಟೆರಿಕಾಟನ್ನು ಹೊಳಲ್ಕೆರೆಯ ಹಳೆಯ ಅಂಗಡಿಯೊಂದರ ಮೇಲಿನ ಅಟ್ಟದಿಂದ ಇಳಿಸಿದೆ. ಒಂದು ಪೈಸೆ ಚೌಕಾಸಿ ಮಾಡದೆ ಪೂರ್ತಿ ಬೆಲೆ ಕೊಟ್ಟೆ. ನಾನು ಹಾಗೆ ಕೊಂಡ ಬಟ್ಟೆ ಅದೊಂದೇ. ಹೆಂಡತಿಯನ್ನು ಕರೆದುಕೊಂಡು ತಾಳ್ಯಕ್ಕೆ ಹೋಗಿ ಪೊಟ್ಟಣವನ್ನು ಮಾವನ ತೊಡೆಯ ಮೇಲಿಟ್ಟು, ಅವರ ಮುಖ ಬಾಡುವುದನ್ನು ನೋಡಲು ಎದುರಿಗೆ ಕೂತೆ.

ಅವರು ಬಿಚ್ಚಿದರು. ಬೆಳಕಿಗೆ ಹಿಡಿದರು. ಕಣ್ಣು ತೇವವಾಯಿತು.

"ಅಬ್ಬಾ, ಇನ್ನೂ ನೆನಪಿಟ್ಕಂಡೀರಲ್ರಿ ಮೇಷ್ಟ್ರೇ! ನಿಮ್ಮ ಮದುವೆಗೆ ಇವಳು ಆರಿಸಿದ್ದ ಬಣ್ಣ ಅಲ್ವಾ ಇದು? ದೊಡ್ಡೋರಿಗೆ ಕೊಟ್ಟಂಥ ಕರೀ ಉಣ್ಣೇದೇ ತೆಗೆಸಿದ್ದೆ ನಾನು. ಅಂಗಡಿಯಾಗೆ ಕುಂತು ಹಟ ಮಾಡಿ ಬ್ಯಾಡ ಅಂದ್ಲು. ಅವರು ಉಣ್ಣೇಲಿ ಬೆವರ್ತಾರೆ, ಈ ಬಣ್ಣ ಅವರಿಗೆ ಒಪ್ಪುತ್ತೆ ಅಂತ. ಭಾವ ಆಡ್ಕಂಡು ನಕ್ಕಾಗ ಪಾಪ, ಒಳಗೋಗಿ ಅತ್ತೇಬಿಟ್ಲು."

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಬಟ್ಟೆಯ ಅಂಚನ್ನು ನೀವುತ್ತಿದ್ದಳು.

ಮಾವ ಅದನ್ನು ಹೊಲಿಸಿಕೊಂಡು ಈಗಲೂ ಎಲ್ಲ ಮದುವೆಗೂ ತೊಡುತ್ತಾರೆ, ಚಿಕ್ಕ ಅಳಿಯ ತಂದದ್ದು ಎಂದು ಕಂಡವರಿಗೆಲ್ಲ ತೋರಿಸುತ್ತಾರೆ. ಷಡ್ಡಕನ ಮೇಲಿನ ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ, ಇನ್ನಷ್ಟು ಏರಿತು. ಅವನು ಅಂದು ಎರಡು ಬೆರಳಲ್ಲಿ ಎತ್ತಿದ್ದು ನನ್ನ ತೋಳನ್ನಲ್ಲ, ಅವಳ ಆಯ್ಕೆಯನ್ನು.

ಆ ಸಂಜೆ ತಾಳ್ಯದಿಂದ ಮನೆಗೆ ಬಂದವನು ನೀಲಿ ಕೋಟಿಗೆ ಇಸ್ತ್ರಿ ಹಾಕಲು ನಿಂತೆ. ಮೇಜಿನ ಮೇಲಿನ ಆ ಹಳೆಯ ಬಟ್ಟೆ ಕಲೆಯಾಗಿತ್ತು, ಅಲ್ಲಲ್ಲಿ ಸುಟ್ಟು ಕಂದಿತ್ತು. ಕಿಸೆಯ ಹೊಲಿಗೆಯ ಗುರುತು ಇನ್ನೂ ಕಾಣುತ್ತಿತ್ತು. ಇಸ್ತ್ರಿಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಅವಳು ಅಡುಗೆಮನೆಯ ಬಾಗಿಲಿನಿಂದ ನೋಡಿದಳು.

"ಯಾಕೆ ನಿಂತ್ರಿ? ತಿಕ್ರಿ," ಎಂದಳು. "ಇಷ್ಟು ವರ್ಷ ನನ್ನ ಮುಂದೇನೇ ತಿಕ್ಕಿಲ್ವಾ?"