ಅಕ್ಕೋರ ಪ್ಲಾಸ್ಟರ್

ಮೆಹದಿಪಟ್ಟಣಂನ ನಮ್ಮ ಎದುರುಮನೆಯಲ್ಲಿ ಕಲಬುರಗಿ ಕಡೆಯ ಶಾಲೆಯಿಂದ ನಿವೃತ್ತರಾದ ಅಕ್ಕೋರು ಒಬ್ಬರೇ ಇದ್ದರು. ಒಂದೇ ಮಳೆಗಾಲದಲ್ಲಿ ನಮ್ಮಿಬ್ಬರಿಗೂ ಕಾಲಿನ ಹರಡಿನ ಮೂಳೆ ಮುರಿದು ಆಪರೇಷನ್ ಆಯಿತು. ನಾನು ಡಾಕ್ಟರರ ಜೊತೆ ವಾದಿಸಿ, ಪ್ಲಾಸ್ಟರ್ ಬದಲು ಬಿಚ್ಚಿ ಹಾಕಬಹುದಾದ ಬೂಟು ಪಡೆದು ಬೇಗನೇ ಪಾದ ಆಡಿಸತೊಡಗಿದೆ. ಅವರು ಪ್ಲಾಸ್ಟರನ್ನೇ ಕೇಳಿ ಹಾಕಿಸಿಕೊಂಡರು.

“ಬೂಟು ತಗೋರಿ ಅಕ್ಕೋರ, ಕೀಲು ಬಿಗಿಯಂಗಿಲ್ಲ,” ಎಂದೆ.

“ಇರ್ಲಿ ಬಿಡಪಾ. ಪ್ಲಾಸ್ಟರ್ ಕಂಡ್ರ ಮಂದಿ ಬಂದು ಕುಂದರತಾರ. ನಿನ್ನ ಯಾರರೆ ಕೇಳಿದ್ರೇನು?”

ಯಾರೂ ಕೇಳಿರಲಿಲ್ಲ.

ಪ್ಲಾಸ್ಟರ್ ತೆಗೆಸಿದ ಮೇಲೂ ಅವರು ಕಾಲಿಗೆ ಹಳೇ ಸೀರೆ ಸುತ್ತಿ, ಸ್ಟೂಲಿನ ಮೇಲೆ ಚಾಚಿಕೊಂಡು ಬಾಗಿಲಲ್ಲಿ ಕೂತಿರುತ್ತಿದ್ದರು. ಎದುರಿಗೆ ಖಾಲಿ ಕುರ್ಚಿ. ಕಾಲು ಆಡಿಸಿರೆಂದು ಬುದ್ಧಿ ಹೇಳಲು ಹೋದವನು ಒಂದು ದಿನ ಅದರಲ್ಲಿ ಕೂತು, “ನೋವು ಹೆಂಗೈತ್ರಿ?” ಎಂದೆ.

“ಭಾಳ ಐತಪಾ,” ಎಂದವರೇ, ಸುತ್ತಿದ ಕಾಲನ್ನು ಮರೆತು ಚಹಾ ಇಡಲು ಎದ್ದರು.