ಬಿಚ್ಚದ ಗೋಣಿಗೆ ನನ್ನ ಸಹಿ

ಕಳೆದ ಮಂಗಳವಾರ ನಾನು ಒಬ್ಬನನ್ನು ಕಳ್ಳ ಮಾಡಿಬಿಡುತ್ತಿದ್ದೆ. ಅದೂ ಒಂದೇ ಸಹಿಯಲ್ಲಿ!

ಗೆಳೆಯನ ಮನೆಯ ನಾಮಕರಣಕ್ಕೆ ಹುಲ್ಲಹಳ್ಳಿ ಕಡೆಯ ಊರೊಂದಕ್ಕೆ ಹೋಗಿದ್ದೆ. ಬಸ್ಸಿಳಿದ ಕೂಡಲೇ ಒಬ್ಬ ಪೊಲೀಸಪ್ಪ ಹಿಡಿದುಕೊಂಡರು.

"ಸಾ, ಓದ್ದೋರಂಗೆ ಕಾಣ್ತೀರಿ. ಸಾಕ್ಷಿಗೆ ಪಂಚರಾಗಿ ಒಂದ್ ಸೈನ್ ಹಾಕ್ಬುಡಿ. ಎಲ್ಡೇ ನಿಮಿಷ."

ರೈತ ಪುಟ್ಟಸ್ವಾಮಪ್ಪನ ತೋಟದಲ್ಲಿ ಒಂದು ಗೊನೆ ರಸಬಾಳೆ ಕಳುವಾಗಿತ್ತಂತೆ. ಅದು ಪಕ್ಕದ ಬೀದಿಯ ಮಾದೇಶನ ಅಟ್ಟದಲ್ಲಿ ಸಿಕ್ಕಿತಂತೆ. ಗೋಣಿಚೀಲದಲ್ಲಿ ಕಟ್ಟಿ ಅವನ ಮನೆ ಜಗಲಿ ಮೇಲಿಟ್ಟಿದ್ದರು. ಮಹಜರು ಆಗಲೇ ರೆಡಿ: 'ಪಂಚರ ಸಮಕ್ಷಮದಲ್ಲಿ ಜಪ್ತಿ ಮಾಡಲಾಯಿತು.' (ಜಪ್ತಿ ಆದಾಗ ಈ ಪಂಚರು ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದರು!) ಆದರೂ ಸಹಿ ಹಾಕಿದೆ. ಪಾಯಸದ ಚಿಂತೆ ನೋಡಿ.

ಮಾದೇಶ ಕಂಬ ಹಿಡಿದು ನಿಂತಿದ್ದ. ಬಸ್ ಕಂಡಕ್ಟರ್ ಕೆಲಸದ ಆರ್ಡರ್ ಆಗಷ್ಟೇ ಬಂದಿತ್ತು ಅವನಿಗೆ. ಕೇಸು ಬಿದ್ದರೆ ಕೆಲಸ ಗೋತಾ.

ಇನ್ನೊಬ್ಬ ಪಂಚರು, ಸೊಪ್ಪು ಮಾರುವ ಚಿಕ್ಕತಾಯಮ್ಮ. ಇಂಕ್ ಪ್ಯಾಡ್ ಮುಂದೆ ಹಿಡಿದರೆ ಆಕೆ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಚೀಲ ಬುಚ್ಚಿ. ನೋಡ್ದೆ ನಾ ಎಬ್ಬೆಟ್ಟು ಒತ್ತಕಿಲ್ಲ."

"ನೋಡೋದೇನಮ್ಮ? ಬಾಳೆಗೊನೆ!"

"ಅದ್ನೇ ನೋಡ್ಬೇಕು."

ಪೊಲೀಸರು ಗೊಣಗುತ್ತ ಬಿಚ್ಚಿದರು. ಚಿಕ್ಕತಾಯಮ್ಮ ಒಂದು ಕಾಯಿ ಹಿಡಿದು ನಗತೊಡಗಿದಳು. "ಪಚ್ಚಬಾಳೆ ಕಣ್ರಪ್ಪ ಇದು!"

ಅಲ್ಲಿಯವರೆಗೆ ಗೊನೆಯನ್ನೇ ನೋಡಿರದ ಪುಟ್ಟಸ್ವಾಮಪ್ಪ ಸುದ್ದಿ ಕೇಳಿ ಧಾವಿಸಿ ಬಂದ. ಕಳ್ಳತನಕ್ಕಿಂತ ದೊಡ್ಡ ಅವಮಾನ ಆಗಿತ್ತು ಅವನಿಗೆ. "ನಾನು ಪಚ್ಚಬಾಳೆ ಬೆಳೆಯೋನಾ ಸಾ? ನಮ್ಮಪ್ಪನ ಕಾಲದಿಂದ್ಲೂ ರಸಬಾಳೆನೇ! ಇದು ನಮ್ದಲ್ಲ. ಮಾದೇಶನ್ನ ಬುಟ್ಬುಡಿ."

"ಸಂತೇಲಿ ತಂದಿದ್ದು ಅಂತ ಆಗ್ಲಿಂದ ಯೋಳ್ತಾವ್ನಿ," ಅಂದ ಮಾದೇಶ. ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ.

ಮಹಜರು ಹರಿದು ಎರಡು ಚೂರಾಯಿತು. ಜೊತೆಗೆ ನನ್ನ ಸಹಿಯೂ. ಅಬ್ಬಾ, ಎಂಥ ಖುಷಿ ಆಯಿತು ಅಂತೀರಿ!

ಅಮೆರಿಕದಲ್ಲಿ ಗ್ರ್ಯಾಂಡ್ ಜ್ಯೂರಿ ಅಂತ ಇದೆಯಂತೆ. ಕೇಸು ಕೋರ್ಟಿಗೆ ಹೋಗುವಷ್ಟು ಗಟ್ಟಿಯೋ ಅಲ್ಲವೋ ಅಂತ ಸಾಮಾನ್ಯ ನಾಗರಿಕರೇ ಮೊದಲು ನೋಡುತ್ತಾರಂತೆ. ನಮ್ಮಲ್ಲಿ ಅದಿಲ್ಲ ಅಂತ ಕೊರಗಬೇಕೆ? ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟು ಬಂದ ಈ ಹೆಂಗಸು ಮಾಡಿದ್ದು ಇನ್ನೇನು?

ಮಾದೇಶ ಹಣ್ಣಾಗಿದ್ದ ಒಂದು ಚಿಪ್ಪು ಮುರಿದು ಎಲ್ಲರಿಗೂ ಹಂಚಿದ. (ಪೊಲೀಸರಿಗೂ!) ಸಿಪ್ಪೆ ಸುಲಿಯುತ್ತ ಚಿಕ್ಕತಾಯಮ್ಮ ನನ್ನ ಕಡೆ ತಿರುಗಿದಳು.

"ಅಲ್ಲಾ ಸಾ, ನೀವು ಏನ್ ನೋಡ್ಬುಟ್ಟು ಸೈನ್ ಹಾಕುದ್ರಿ?"