ಅಂಗನವಾಡಿಯ ಅಕ್ಷರದ ಚಾಪೆ

ಹೊಸಪೇಟೆ ಸುತ್ತಲಿನ ಅಂಗನವಾಡಿಗಳಲ್ಲಿ ನೆಲದ ಧೂಳು ಸಂಗ್ರಹಿಸಿ ಪರೀಕ್ಷೆಗೆ ಕಳಿಸುವುದು ನನ್ನ ಕೆಲಸ. ಒಂದು ಹಳ್ಳಿಯ ವರದಿಯನ್ನು ಮಾತ್ರ ಕೊಡಲು ಸುಲಭಕ್ಕೆ ಮನಸ್ಸು ಬರಲಿಲ್ಲ.

ಮಕ್ಕಳು ತಣ್ಣನೆಯ ಕಲ್ಲುನೆಲದ ಮೇಲೆ ಕೂತು ಕೆಮ್ಮುತ್ತಾರೆಂದು, ಅಲ್ಲಿನ ಟೀಚರ್ ಶಾಂತಮ್ಮ ಮನೆಮನೆ ಅಲೆದು ಹಣ ಕೇಳಿ, ಅಕ್ಷರಗಳಿದ್ದ ಪ್ಲಾಸ್ಟಿಕ್ ಚಾಪೆ ತರಿಸಿದ್ದರು. ಮಕ್ಕಳು ಅದರ ಮೇಲೇ ಉಣ್ಣುತ್ತಿದ್ದರು, ಮಲಗುತ್ತಿದ್ದರು, ಅದರ ಅಂಚು ಕಚ್ಚುತ್ತಿದ್ದರು.

"ಚಾಪೆ ಮೆತ್ತಗಿರಲಿ ಅಂತ ಹಾಕೋ ರಾಸಾಯನಿಕ ಧೂಳಿನಾಗ ಸೇರೇತ್ರಿ. ಸಣ್ಣ ಮಕ್ಕಳಿಗೆ ಚಲೋ ಅಲ್ಲ," ಅಂದೆ.

ಅವರು ಬಗ್ಗಿ ಚಾಪೆಯ ಅಂಚು ಮುಟ್ಟಿ ನೋಡಿದರು. "ಎರಡು ವರ್ಷ ನಾನೇ ಇದರ ಮ್ಯಾಲೆ ತಟ್ಟಿ ತಟ್ಟಿ ಮಲಗಿಸೀನ್ರಿ," ಅಂದರು. "ಇದರಿಂದ ಯಾರಿಗೇನಾಗೇತಿ, ಹೇಳ್ರಿ."

"ಅದನ್ನ ಈ ಪರೀಕ್ಷೆ ಹೇಳಂಗಿಲ್ರಿ."

ಸೆರಗಿನಿಂದ ಕಣ್ಣೊರೆಸಿಕೊಂಡು, ತಾವೇ ಚಾಪೆ ಸುತ್ತಿ ಹೊರಗಿಟ್ಟರು. ಬರಿನೆಲದ ಮೇಲೆ ಕೂತ ಪುಟ್ಟ ಹುಡುಗಿಯೊಬ್ಬಳು, "ಟೀಚರ್, ನಾವೇನು ತಪ್ಪು ಮಾಡೀವಿ?" ಎಂದು ಕೇಳಿದಳು.

"ನೀವಲ್ಲವ್ವ," ಅಂದರು ಶಾಂತಮ್ಮ.

ವರದಿಯನ್ನು ನಾನು ಒಯ್ದಿದ್ದು ಪ್ಲಾಸ್ಟಿಕ್ ಕವರಿನಲ್ಲಿ. ಅವರು ಕಾಗದ ಮಾತ್ರ ತೆಗೆದುಕೊಂಡು, ಕವರನ್ನು ನನಗೇ ವಾಪಸ್ ಕೊಟ್ಟರು.